ಕ್ಯಾಮೆರಾ ಬ್ಯಾಗು ಮತ್ತು ಪಿಸ್ತೂಲು

ಹೋದ ವರ್ಷ ಅಮೆರಿಕದ ಏರ್‌ಪೋರ್ಟೊಂದರಲ್ಲಿ ನನ್ನ ಕ್ಯಾಮೆರಾ ಬ್ಯಾಗು ಎಕ್ಸ್‌ರೇ ದಾಟಿ ಆಚೆ ಹೋಗಿತ್ತು, ನಾನಿನ್ನೂ ಈಚೆ ಕೈ ಚಾಚಿ ತಪಾಸಣೆಗೆ ನಿಂತಿದ್ದೆ. ಲೆನ್ಸ್ ಹೋದರೆ ಇಎಂಐ ಕಟ್ಟಿ ಇನ್ನೊಂದು ತಗೋಬಹುದು ಕಣ್ರೀ. ಕಾರ್ಡಿನಲ್ಲಿ ಅಮ್ಮ ಮೊದಲ ಸಲ ಹಿಮ ಮುಟ್ಟಿ ನಕ್ಕ ಫೋಟೋಗಳಿದ್ದವು...

ಬ್ಯಾಗು ಸಿಕ್ತು, ಬಿಡಿ. ಈಗ ನನ್ನ ಸರದಿ ಬರೋವರೆಗೂ ಟ್ರೇ ಬೆಲ್ಟಿಗೆ ಬಿಡೋದಿಲ್ಲ, ಹಿಂದಿನವರು ಗೊಣಗಿಕೊಳ್ಳಲಿ.

ಚೆಕ್-ಇನ್ ಲಗೇಜಿಗೆ ಹಾಕೋಣವೆಂದರೆ, ಟಿಎಸ್ಎ ಬೀಗಗಳ ಮಾಸ್ಟರ್ ಕೀಗಳನ್ನು 2015ರಲ್ಲೇ ಜನ ಫೋಟೋ ನೋಡಿ 3ಡಿ ಪ್ರಿಂಟ್ ಮಾಡಿಬಿಟ್ಟಿದ್ದಾರೆ! ಅಲ್ಲಿ ಕೆಲವು ಫೋಟೋಗ್ರಾಫರುಗಳು ಪೆಟ್ಟಿಗೆಯಲ್ಲಿ ಓಟದ ಪಂದ್ಯದ ಸ್ಟಾರ್ಟರ್ ಪಿಸ್ತೂಲಿಟ್ಟು ಡಿಕ್ಲೇರ್ ಮಾಡ್ತಾರಂತೆ. ಟಿಎಸ್ಎ ಲೆಕ್ಕದಲ್ಲಿ ಅದೂ ಬಂದೂಕೇ. ಹಾಗಾಗಿ ಗಟ್ಟಿ ಪೆಟ್ಟಿಗೆ, ಸ್ವಂತ ಬೀಗ, ಕೀ ನಮ್ಮ ಕೈಲೇ.

ನಾನು ಹಾಗೆ ಮಾಡಿದರೆ ಅಮ್ಮ ಕೌಂಟರಿನಲ್ಲೇ ಮೂರ್ಛೆ ಹೋಗ್ತಾಳೆ. ಕಾರ್ಡು ಈಗ ಅವಳ ಪರ್ಸಿನಲ್ಲಿರುತ್ತೆ, ಅಡಿಕೆ ಡಬ್ಬಿ ಪಕ್ಕ.