ಮೈ ತುಂಬಿತ್ತು, ರಕ್ತ ಇರಲಿಲ್ಲ

ನಮ್ಮವ್ವ ಅಕ್ಕಿ ಕೇರುವಾಗ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುತ್ತಿದ್ದಳು. ಬೇಯಿಸದ ಹಸಿ ಅಕ್ಕಿ. ಮೊದಮೊದಲು ನಾವಿಬ್ಬರು ಮಕ್ಕಳು "ಇಲಿ ಥರ ತಿಂತೀಯಲ್ಲವ್ವಾ" ಅಂತ ನಗುತ್ತಿದ್ದೆವು. ಆಮೇಲೆ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವಾಗಲೂ ಸೆರಗಿನ ತುದಿಯಲ್ಲಿ ಅಕ್ಕಿ ಗಂಟು ಕಟ್ಟಿಕೊಂಡು ಹೋಗತೊಡಗಿದಳು. ಏನೋ ಚಟ ಅಂದುಕೊಂಡು ಸುಮ್ಮನಾದೆವು.

ಆಗ ಅವ್ವನಿಗೆ 44 ವರ್ಷ. ಐದಡಿ ಎತ್ತರ, 68 ಕೆಜಿ ತೂಕ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಸಂಜೆ ವ್ಯಾನಿಳಿದು ಬಂದವಳು ಜಗಲಿ ಮೇಲೆ ಕುಸಿದು ಕೂರುತ್ತಿದ್ದಳು. "ಮೈ ಬಂದುಬಿಟ್ಟಿದೆ, ಅದಕ್ಕೇ ಸುಸ್ತು" ಎಂದು ಅಕ್ಕಪಕ್ಕದವರು ಹೇಳಿದರು. ನಾವೂ ಅದನ್ನೇ ನಂಬಿದೆವು. ಫೋನಿನಲ್ಲಿ ಯಾವುದೋ ವಿಡಿಯೊ ನೋಡಿ, "ರಾತ್ರಿ ಊಟ ಬಿಟ್ಟುಬಿಡವ್ವಾ, ತೂಕ ಇಳಿಯುತ್ತೆ" ಅಂತ ಹೇಳಿದವರೂ ನಾವೇ. ಓದಿದ ಮಕ್ಕಳು ಹೇಳಿದ್ದಾರೆ ಅಂತ ಅವ್ವ ಬಿಟ್ಟಳು. ನಾಲ್ಕು ತಿಂಗಳಾದರೂ ತೂಕ ಇಳಿಯಲಿಲ್ಲ. ಒಂದು ದಿನ ನಲ್ಲಿ ಹತ್ತಿರ ಕಣ್ಣು ಕತ್ತಲೆ ಬಂದು ಬಿದ್ದಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಅವ್ವನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಉಗುರು ನೋಡಿದರು. ಆಮೇಲೆ ಕೇಳಿದರು: "ಅಕ್ಕಿ, ಮಣ್ಣು, ಬಳಪ ಏನಾದರೂ ತಿನ್ನಬೇಕು ಅನ್ನಿಸುತ್ತಾ?"

ಅವ್ವ ತಲೆ ತಗ್ಗಿಸಿದಳು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 7.6 ಬಂತು. ಬಸುರಿಯಲ್ಲದ ಹೆಂಗಸಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 8ಕ್ಕಿಂತ ಕೆಳಗಿದ್ದರೆ ತೀವ್ರ ರಕ್ತಹೀನತೆ. ಬಸುರಿಯರಿಗೆ ಕನಿಷ್ಠ 11, ಗಂಡಸರಿಗೆ 13 ಇರಬೇಕು. ಕಬ್ಬಿಣದ ಅಂಶ ಕಡಿಮೆಯಾದವರಲ್ಲಿ ಕೆಲವರಿಗೆ ಹಸಿ ಅಕ್ಕಿ, ಮಣ್ಣು, ಬಳಪದಂಥವನ್ನು ತಿನ್ನುವ ಆಸೆ ಹುಟ್ಟುತ್ತದೆ ಎಂದು ಅವತ್ತೇ ನಮಗೆ ಗೊತ್ತಾದದ್ದು. ನಾವು ನಕ್ಕಿದ್ದು ಕಾಯಿಲೆಯ ಗುರುತನ್ನು ನೋಡಿ.

"ಇಷ್ಟು ದಪ್ಪ ಇದ್ದೀನಿ, ನನಗೆಂಗೆ ರಕ್ತ ಕಮ್ಮಿ?" ಎಂದಳು ಅವ್ವ. ನಮ್ಮ ಪ್ರಶ್ನೆಯೂ ಅದೇ ಆಗಿತ್ತು. ಡಾಕ್ಟರಮ್ಮ ಹೇಳಿದ್ದು ಇಷ್ಟು: ತೂಕದ ಲೆಕ್ಕವೇ ಬೇರೆ, ರಕ್ತದ ಲೆಕ್ಕವೇ ಬೇರೆ. ತಿಂದದ್ದು ದುಡಿದದ್ದಕ್ಕಿಂತ ಹೆಚ್ಚಾದರೆ ಉಳಿದದ್ದು ಕೊಬ್ಬಾಗುತ್ತದೆ. ರಕ್ತಕ್ಕೆ ಬೇಕಾದ್ದು ಕಬ್ಬಿಣ. ಅದಿಲ್ಲದ ಊಟ ಎಷ್ಟು ಉಂಡರೂ ಮೈ ಬರುತ್ತದೆ, ರಕ್ತ ಬರುವುದಿಲ್ಲ.

ಮನೆಗೆ ಬಂದು ನಾವು ಅವ್ವನ ಒಂದು ದಿನದ ಲೆಕ್ಕ ಬರೆದೆವು. ಮೊದಲು ಅವ್ವ ಹೊಲದಲ್ಲಿ ಕಳೆ ಕೀಳುತ್ತಿದ್ದಳು, ಹುಲ್ಲು ಹೊರುತ್ತಿದ್ದಳು, ಬೋರಿನಿಂದ ನೀರು ತರುತ್ತಿದ್ದಳು. ಈಗ ದಿನಕ್ಕೆ ಎಂಟು ತಾಸು ಮಿಷನ್ ಮುಂದೆ ಕೂತೇ ಇರುತ್ತಾಳೆ. ಊಟ ಬದಲಾಗದಿದ್ದರೂ ಖರ್ಚು ಬದಲಾಗಿದೆ. ತೂಕ ಏರಿದ್ದಕ್ಕೆ ಇದು ದೊಡ್ಡ ಕಾರಣ.

ನೂರು ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 320 ಕ್ಯಾಲೊರಿ ಇರುತ್ತದೆ. ಅವ್ವ ರಾತ್ರಿ ಬಿಟ್ಟದ್ದು ಅದನ್ನು. ಬಿಡದೇ ಇದ್ದದ್ದು ದಿನಕ್ಕೆ ಐದು ಲೋಟ ಟೀ. ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೂ ಹತ್ತು ಚಮಚ, ಅಂದರೆ 200 ಕ್ಯಾಲೊರಿ. ಹಸಿವಾದಾಗ ಒಂದು ಚಿಕ್ಕ ಪ್ಯಾಕೆಟ್ ಬಿಸ್ಕತ್ತು, ಅದು ಇನ್ನೊಂದು 200ಕ್ಕೂ ಮೇಲೆ. ಬಿಟ್ಟ ಮುದ್ದೆಗಿಂತ ಟೀ ಬಿಸ್ಕತ್ತಿನದೇ ಹೆಚ್ಚಾಯಿತು. ಮುದ್ದೆಯ ಜೊತೆಗೆ ಹೋದದ್ದು ಏನು? ನಮ್ಮ ಮನೆಯಲ್ಲಿ ಬಸ್ಸಾರು, ಮಸ್ಸೊಪ್ಪು, ಹುರುಳಿಕಾಳಿನ ಸಾರು ಆಗುವುದು ರಾತ್ರಿಯೇ. ಸೊಪ್ಪು, ಕಾಳು ಅವ್ವನ ಹೊಟ್ಟೆ ಸೇರುತ್ತಿದ್ದ ಒಂದೇ ಹೊತ್ತನ್ನು ನಾವು ಬಿಡಿಸಿದ್ದೆವು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಲೆಕ್ಕದಂತೆ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಸಾಕು, ಮುಟ್ಟಾಗುವ ವಯಸ್ಸಿನ ಹೆಂಗಸಿಗೆ 29 ಬೇಕು. ನಮ್ಮ ಮನೆಗಳಲ್ಲಿ ಸಾರಿನ ತಳದಲ್ಲಿ ಉಳಿದದ್ದನ್ನು ಕೊನೆಗೆ ಉಣ್ಣುವವರು ಯಾರು ಅಂತ ನಾವು ಬರೆಯಬೇಕಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 48 ಜನಕ್ಕೆ ರಕ್ತಹೀನತೆ ಇದೆ. ಅದೇ ಸಮೀಕ್ಷೆಯಲ್ಲಿ ನೂರಕ್ಕೆ ಸುಮಾರು 30 ಜನರ ತೂಕ ಇರಬೇಕಾದ್ದಕ್ಕಿಂತ ಹೆಚ್ಚು. ಈ ಎರಡೂ ಪಟ್ಟಿಯಲ್ಲಿ ನಮ್ಮವ್ವನಂಥವರು ಇದ್ದಾರೆ.

ಟೀ ಇನ್ನೊಂದು ಕೆಟ್ಟ ಕೆಲಸ ಮಾಡುತ್ತಿತ್ತು. ಉಂಡ ತಕ್ಷಣ ಟೀ, ಕಾಫಿ ಕುಡಿದರೆ ಅದರಲ್ಲಿರುವ ಒಗರು ಅಂಶ ಊಟದ ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ, ಮೈಗೆ ಹತ್ತಲು ಬಿಡುವುದಿಲ್ಲ. ನಿಂಬೆಹಣ್ಣು, ನೆಲ್ಲಿಕಾಯಿ, ಸೀಬೆಹಣ್ಣು ಇದಕ್ಕೆ ತಿರುಗಾ. ಅವುಗಳಲ್ಲಿರುವ ವಿಟಮಿನ್ ಸಿ ಸೊಪ್ಪು ಕಾಳಿನ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ಕಾಳು ಮೊಳಕೆ ಕಟ್ಟಿದರೂ, ಅಂಬಲಿ ಹುಳಿ ಬರಿಸಿದರೂ ಅನುಕೂಲವೇ. ನಮ್ಮ ಅಜ್ಜಿಯರು ಮಾಡುತ್ತಿದ್ದದ್ದು ಇದನ್ನೇ. ಮಾಂಸ ತಿನ್ನುವ ಮನೆಯಾದರೆ ಕುರಿ, ಕೋಳಿಯ ಲಿವರ್ ಒಳ್ಳೆಯದು. ಬೀಟ್‌ರೂಟ್ ಕೆಂಪಗಿದೆ ಅಂತ ನೆಂಟರೊಬ್ಬರು ಒಂದು ಚೀಲ ತಂದುಕೊಟ್ಟಿದ್ದರು. ಆ ಕೆಂಪು ಬಣ್ಣವಷ್ಟೇ, ಅದರಲ್ಲಿ ಕಬ್ಬಿಣ ಕಡಿಮೆ.

ರಾಗಿಯನ್ನು ಮಾತ್ರ ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ ಇದೆ. ಅಷ್ಟೇ ಹಾಲಿನಲ್ಲಿ ಸುಮಾರು 120. ತೂಕ ಇಳಿಸಬೇಕಾದರೆ ಮುದ್ದೆ ಚಿಕ್ಕದು ಮಾಡಿ, ಸಾರಿನ ಸೊಪ್ಪು ಕಾಳು ಹೆಚ್ಚು ಮಾಡಿ, ಸಕ್ಕರೆ ಎಣ್ಣೆ ಕಡಿಮೆ ಮಾಡಿ. ಒಂದು ಗ್ರಾಂ ಹಿಟ್ಟಿನಂಶದಲ್ಲಿ 4 ಕ್ಯಾಲೊರಿ ಇದ್ದರೆ ಒಂದು ಗ್ರಾಂ ಎಣ್ಣೆಯಲ್ಲಿ 9 ಇರುತ್ತದೆ.

ಊಟವೊಂದರಿಂದಲೇ 7.6 ಮೇಲೇಳುವುದಿಲ್ಲ ಎಂದು ಡಾಕ್ಟರಮ್ಮ ಕಬ್ಬಿಣದ ಮಾತ್ರೆ ಕೊಟ್ಟರು. ಐದನೇ ದಿನ ಅವ್ವ ಬಿಟ್ಟುಬಿಟ್ಟಳು. ಮಲ ಕಪ್ಪಗೆ ಹೋಗುತ್ತಿದೆ ಅಂತ ಹೆದರಿಕೆ, ಹೊಟ್ಟೆ ತೊಳಸುವುದು ಬೇರೆ. ಆಶಾ ಅಕ್ಕ ಬಂದು, "ಕಪ್ಪಗೋಗೋದು ಮಾತ್ರೆಯಿಂದ ಕಣಕ್ಕಾ, ಹೆದರ್ಕೋಬೇಡ. ಉಂಡ ಮೇಲೆ ನಿಂಬೆ ಶರಬತ್ತಿನ ಜೊತೆ ನುಂಗು, ಟೀ ಜೊತೆ ಬೇಡ. ಕ್ಯಾಲ್ಸಿಯಂ ಮಾತ್ರೆ ಇದ್ರೆ ಬೇರೆ ಹೊತ್ತಿಗೆ ತಗೋ" ಅಂದರು. ಆಮೇಲೆ ತಪ್ಪಿಸಲಿಲ್ಲ.

ರಕ್ತ ಯಾಕೆ ಕಡಿಮೆಯಾಯಿತು ಎಂದು ಹುಡುಕುವುದೂ ಚಿಕಿತ್ಸೆಯೇ. ಅವ್ವನಿಗೆ ಎರಡು ವರ್ಷದಿಂದ ಮುಟ್ಟು ಎಂಟು ಒಂಬತ್ತು ದಿನ ಹೋಗುತ್ತಿತ್ತು. ನಮಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ತಾಲ್ಲೂಕು ಆಸ್ಪತ್ರೆಯ ಸ್ಕ್ಯಾನಿಂಗಿನಲ್ಲಿ ಗರ್ಭಕೋಶದಲ್ಲಿ ಸಣ್ಣ ಗಡ್ಡೆ ಕಂಡಿತು. ಮಾತ್ರೆಯಲ್ಲೇ ಹತೋಟಿಗೆ ಬಂದಿದೆ. ಕೆಲವರಿಗೆ ಕೊಕ್ಕೆಹುಳ ರಕ್ತ ಹೀರುತ್ತಿರಬಹುದು. ಬರಿಗಾಲಲ್ಲಿ ಗದ್ದೆಗೆ, ಬಯಲಿಗೆ ಹೋಗುವವರು ಜಂತುಹುಳದ ಮಾತ್ರೆಯ ಬಗ್ಗೆಯೂ ಕೇಳಿ.

ಮೂರು ತಿಂಗಳಿಗೆ 10.8 ಆಯಿತು. ನಿಲ್ಲಿಸಬೇಡಿ, ಮೈಯೊಳಗಿನ ಕಬ್ಬಿಣದ ಕಣಜವೂ ತುಂಬಬೇಕು ಎಂದು ಇನ್ನೂ ಮೂರು ತಿಂಗಳಿಗೆ ಮಾತ್ರೆ ಬರೆದಿದ್ದಾರೆ. ತೂಕ ಇಳಿದದ್ದು ಎರಡೇ ಕೆಜಿ. ಆದರೆ ಈಗ ಅವ್ವ ವ್ಯಾನಿಳಿದು ಜಗಲಿಯಲ್ಲಿ ಕುಸಿಯುವುದಿಲ್ಲ, ನೇರ ಹಿತ್ತಲಿಗೆ ಹೋಗಿ ನುಗ್ಗೆಸೊಪ್ಪು ಕಿತ್ತು ತರುತ್ತಾಳೆ. ರಾತ್ರಿ ಎಲ್ಲರೂ ಒಟ್ಟಿಗೆ ಉಣ್ಣುತ್ತೇವೆ, ಅವ್ವನ ತಟ್ಟೆಗೆ ಮೊದಲು ಬಡಿಸುತ್ತೇವೆ. ಮೊದಲ ವಾರ ಅವಳಿಗೆ ನಾಚಿಕೆಯಾಗುತ್ತಿತ್ತು.

ನಿಮ್ಮ ಮನೆಯಲ್ಲಿ ಯಾರಾದರೂ ಅಕ್ಕಿ, ಮಣ್ಣು, ಬಳಪ ತಿನ್ನುತ್ತಿದ್ದರೆ ನಗಬೇಡಿ, ಬೈಯಲೂ ಬೇಡಿ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿ. ಅವರು ದಪ್ಪಗಿದ್ದರೂ ಸರಿಯೇ.