ಕಾಯುವುದನ್ನು ಬಿಡುವ ಕ್ರಮ

ಪುಣೆಯ ಆ ಎಂಜಿನಿಯರಿಗೆ ಬಂದ ದೂರು ಒಂದೇ ಸಾಲಿನದು: ರಾತ್ರಿಯ ತಾಪಮಾನ ದಾಖಲಾಗಿಲ್ಲ. ಔಷಧಿ ಇಡುವ ಕೋಲ್ಡ್ ರೂಮಿನಲ್ಲಿ ನಿಮಿಷಕ್ಕೊಮ್ಮೆ ತಾಪಮಾನ ಬರೆದಿಟ್ಟುಕೊಳ್ಳುವ ಪುಟ್ಟ ಉಪಕರಣವದು. ಅದರ ಫರ್ಮ್‌ವೇರ್ ಆಕೆಯದು. ಆ ರಾತ್ರಿ ರೂಮು ತಣ್ಣಗೇ ಇತ್ತೆಂದು ಹೇಳಲು ಈಗ ಸಾಕ್ಷಿಯೇ ಇಲ್ಲ.

ಆದದ್ದಿಷ್ಟು. ಸಂಜೆ ಅಲ್ಲಿಯ ನೌಕರ ಯುಎಸ್‌ಬಿ ಕೇಬಲ್ ಹಾಕಿ ದಾಖಲೆಗಳನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಿದ್ದ. ಅರ್ಧದಲ್ಲೇ ಪ್ರೋಗ್ರಾಮ್ ಮುಚ್ಚಿ, ಕೇಬಲ್ ಹಾಗೇ ಬಿಟ್ಟು ಮನೆಗೆ ಹೋದ.

ಯುಎಸ್‌ಬಿಯಲ್ಲಿ ಕಂಪ್ಯೂಟರ್ ಕೇಳಿದರಷ್ಟೇ ಉಪಕರಣ ಡೇಟಾ ಕೊಡಬಹುದು. ಉಪಕರಣ 64 ಬೈಟಿನ ಪ್ಯಾಕೆಟ್ ಸಿದ್ಧಮಾಡಿಟ್ಟುಕೊಂಡಿತ್ತು, ಕೇಳುವವರಿರಲಿಲ್ಲ. ಕೇಬಲ್ ಜೀವಂತವಿದ್ದುದರಿಂದ ಸಂಪರ್ಕ ಕಡಿದ ಸೂಚನೆಯೂ ಬರಲಿಲ್ಲ. ಬಲ್ಕ್ ವರ್ಗಾವಣೆ ಇಷ್ಟು ಹೊತ್ತಿನೊಳಗೆ ಮುಗಿಯಬೇಕೆಂಬ ಕಟ್ಟಳೆ ಯುಎಸ್‌ಬಿಯಲ್ಲಿಲ್ಲ. ಆಕೆಯ ಕೋಡಿನಲ್ಲೂ ಇರಲಿಲ್ಲ. ಕಳಿಸಿ ಮುಗಿಯುವವರೆಗೆ ಕಾಯುವ ಲೂಪಿನಲ್ಲಿ ಅದು ಬೆಳಗಿನವರೆಗೂ ಸಿಕ್ಕಿಬಿದ್ದಿತ್ತು. ತಾಪಮಾನ ಓದುವ ಸರದಿ ಬರಲೇ ಇಲ್ಲ.

ಆಕೆ ಐದು ಸೆಕೆಂಡಿನ ಟೈಮರ್ ಹಾಕಿದಳು. ಅಷ್ಟರಲ್ಲಿ ಮುಗಿಯದಿದ್ದರೆ ಬಫರ್ ಖಾಲಿ ಮಾಡಿ ಎಂಡ್‌ಪಾಯಿಂಟನ್ನು ಹೊಸದಾಗಿ ಶುರುಮಾಡುವುದು. ದಾಖಲಾತಿ ನಿಲ್ಲಲಿಲ್ಲ. ಆದರೆ ಮತ್ತೆ ಇಳಿಸಿಕೊಳ್ಳುವಾಗ ಒಮ್ಮೊಮ್ಮೆ ಮೊದಲ ಪ್ಯಾಕೆಟ್ಟೇ ಕಾಣೆ. ಪ್ಯಾಕೆಟ್‌ಗಳಿಗೆ ಡೇಟಾ0, ಡೇಟಾ1 ಎಂಬ ಗುರುತು ಸರದಿಯಂತೆ ಬೀಳುತ್ತದೆ. ಆಕೆಯ ಕೋಡು ಉಪಕರಣದ ಲೆಕ್ಕವನ್ನಷ್ಟೇ ಡೇಟಾ0ಗೆ ತಂದಿತ್ತು. ಡೇಟಾ1ಕ್ಕೆ ಕಾದಿದ್ದ ಕಂಪ್ಯೂಟರ್, ಇದು ಹಳೆಯದೇ ಮತ್ತೆ ಬಂತೆಂದು ತಿಳಿದು, ತಲುಪಿತೆಂದು ಉತ್ತರಿಸಿ, ಎಸೆದುಬಿಡುತ್ತಿತ್ತು.

ಅಂದರೆ ಒಂದು ಕಡೆಯವರು ಮಾತ್ರ ರದ್ದುಮಾಡಿದರೆ ಸಾಲದು. ಎಲ್ಲಿಯವರೆಗೆ ತಲುಪಿತೆಂಬುದನ್ನು ಇಬ್ಬರೂ ಒಪ್ಪಬೇಕು. ಅಳತೆಯ ಉಪಕರಣಗಳಿಗೆಂದೇ ಇರುವ ಯುಎಸ್‌ಬಿಟಿಎಂಸಿ ನಿಯಮಗಳಲ್ಲಿ ಇದಕ್ಕೆ ಬೇರೆಯೇ ಆದೇಶಗಳಿವೆ: ಕಂಪ್ಯೂಟರ್ ನಿಲ್ಲಿಸಲು ಹೇಳುತ್ತದೆ, ಉಪಕರಣ ತಾನು ಎಷ್ಟು ಬೈಟ್ ಕಳಿಸಿದೆನೆಂದು ತಿಳಿಸುತ್ತದೆ.

ಆಕೆ ಕ್ರಮ ಬದಲಿಸಿದಳು. ಮೊದಲು ಹೊಸ ಪ್ಯಾಕೆಟ್ ಕೊಡದಂತೆ ಚಿಪ್‌ಗೆ ಹೇಳಿ, ಅದು ಒಪ್ಪುವವರೆಗೆ ಕಾಯುವುದು, ಏಕೆಂದರೆ ಅದೇ ಕ್ಷಣ ಒಂದು ಪ್ಯಾಕೆಟ್ ತಂತಿಯ ಮೇಲಿರಬಹುದು. ಆಮೇಲೆ ಎಂಡ್‌ಪಾಯಿಂಟ್ ಮುಚ್ಚಿ ಬಫರ್ ಖಾಲಿ ಮಾಡುವುದು. ಪ್ರೋಗ್ರಾಮ್ ಮತ್ತೆ ತೆರೆದಾಗ ಕಂಪ್ಯೂಟರಿನ ಆದೇಶದಿಂದಲೇ ಎರಡೂ ಕಡೆ ಡೇಟಾ0ಗೆ ಬರುವುದು, ಪ್ರೋಗ್ರಾಮ್ ತನಗೆ ಸಿಕ್ಕ ಕೊನೆಯ ದಾಖಲೆಯ ಸಂಖ್ಯೆ ಹೇಳುವುದು, ಉಪಕರಣ ಅದರ ಮುಂದಿನದರಿಂದ ಕಳಿಸುವುದು. ಈ ಕಾಯುವಿಕೆಗಳಿಗೂ ಮಿತಿಯಿದೆ. ತಾಪಮಾನ ಓದುವುದನ್ನು ಟೈಮರ್ ಇಂಟರಪ್ಟಿಗೆ ವಹಿಸಿದ್ದರಿಂದ ಅದು ಯಾವ ಲೂಪಿಗೂ ಕಾಯುವುದಿಲ್ಲ.

ಪರೀಕ್ಷೆಗೆಂದು ಆಕೆ ಇಳಿಸುವ ಪ್ರೋಗ್ರಾಮನ್ನು ಮಧ್ಯದಲ್ಲೇ ಮುಚ್ಚುತ್ತ, ತೆರೆಯುತ್ತ ಇಡೀ ದಿನ ಕಳೆದಳು. ಒಂದು ನಿಮಿಷವೂ ತಪ್ಪಲಿಲ್ಲ. ಅಷ್ಟರಲ್ಲಿ, ಸಾಕ್ಷಿಯಿಲ್ಲದ ಆ ರಾತ್ರಿಯ ಔಷಧಿಯನ್ನೆಲ್ಲ ಬಿಸಾಡಿದ್ದಾಗಿತ್ತು.