ಇಪ್ಪತ್ನಾಲ್ಕನೇ ಪಿನ್

ಎಂಟನೇ ತರಗತಿಗೆ ಘಾತಾಂಕಗಳ ಪಾಠವಿತ್ತು. ಬೋಧನೋಪಕರಣವಾಗಿ ಚಾರ್ಟ್ ಬೇಡ, ನಾನೇ ಜೋಡಿಸಿದ ಕಂಪ್ಯೂಟರನ್ನು ಒಯ್ಯೋಣ ಎಂದುಕೊಂಡೆ. ಅದಕ್ಕೆ ಪರದೆಯಿಲ್ಲ, ಕೀಲಿಮಣೆಯಿಲ್ಲ. ಬ್ರೆಡ್‌ಬೋರ್ಡಿನ ಮೇಲೆ ಒಂದು ಜೆಡ್-80 ಚಿಪ್, ಒಂದು 555 ಟೈಮರ್, ನಾಲ್ಕು ಎಲ್‌ಇಡಿ, ಕೆಲವು ರೋಧಕಗಳು, ಪವರ್‌ಬ್ಯಾಂಕ್. ಅಷ್ಟೇ.

ಜೆಡ್-80 1976ರಲ್ಲಿ ಬಂದ ಎಂಟು ಬಿಟ್‌ನ ಪ್ರೊಸೆಸರ್. ಅದರ 40 ಪಿನ್‌ಗಳಲ್ಲಿ 8 ದತ್ತಾಂಶಕ್ಕೆ, 16 ವಿಳಾಸಕ್ಕೆ. ದತ್ತಾಂಶದ ಎಂಟೂ ಪಿನ್‌ಗಳನ್ನು ರೋಧಕದ ಮೂಲಕ ಗ್ರೌಂಡಿಗೆ ಕಟ್ಟಿದರೆ ಅದು ಎಲ್ಲಿ ಓದಿದರೂ ಸೊನ್ನೆಯೇ ಸಿಗುತ್ತದೆ. ಅದರ ಭಾಷೆಯಲ್ಲಿ ಸೊನ್ನೆಯೆಂದರೆ 'ಏನೂ ಮಾಡಬೇಡ, ಮುಂದಿನ ವಿಳಾಸಕ್ಕೆ ಹೋಗು'. ಹೀಗೆ ಅದು ಎಣಿಸುತ್ತಲೇ ಹೋಗುತ್ತದೆ. ಮೊದಲ ನಾಲ್ಕು ವಿಳಾಸ ಪಿನ್‌ಗಳ ಎಲ್‌ಇಡಿಗಳು 0ಯಿಂದ 15ರವರೆಗಿನ ಎಣಿಕೆಯನ್ನು ದ್ವಿಮಾನದಲ್ಲಿ ತೋರಿಸುತ್ತವೆ. ನನ್ನದು ಬಹಳ ನಿಧಾನವಾಗಿಯೂ ಓಡಬಲ್ಲ ಸಿಮಾಸ್ ಮಾದರಿ. ಟೈಮರಿನಿಂದ ಸೆಕೆಂಡಿಗೆ 8 ಮಿಡಿತ. ಒಂದು ಎಣಿಕೆಗೆ 4 ಮಿಡಿತ ಬೇಕು. ಅಂದರೆ ಸೆಕೆಂಡಿಗೆ 2 ಎಣಿಕೆ.

ಹಾಸ್ಟೆಲಿನಲ್ಲಿ ಚೆನ್ನಾಗಿ ಓಡಿದ್ದು ತರಗತಿಯಲ್ಲಿ ಎರಡು ದೀಪ ಉರಿಸಿಕೊಂಡು ನಿಂತುಬಿಟ್ಟಿತು. ಹಿಂದೆ ಮಾರ್ಗದರ್ಶಕ ಮೇಡಂ ವೀಕ್ಷಣಾ ಪುಸ್ತಕ ತೆರೆದು ಕುಳಿತಿದ್ದರು. ತಂತಿಗಳನ್ನು ಮುಟ್ಟಿ ನೋಡಿದೆ. ಸ್ವಲ್ಪ ಓಡಿ ಮತ್ತೆ ನಿಂತಿತು. "ಚಾರ್ಜ್ ಮುಗಿದಿದೆ ಮಕ್ಕಳೇ" ಎಂದೆ. ಅದು ಸುಳ್ಳು.

ಕೊನೆಯ ಸಾಲಿನ ಹುಡುಗಿಯೊಬ್ಬಳು ಎದ್ದು ನಿಂತಳು. "ಚಾರ್ಜ್ ಇಲ್ದಿದ್ರೆ ದೀಪ ಹೇಗೆ ಉರೀತಿದೆ ಮಿಸ್? ನಿಮ್ಮ ಕೈ ಹತ್ರ ಬಂದ್ರೆ ಓಡುತ್ತೆ, ತೆಗೆದ್ರೆ ನಿಲ್ಲುತ್ತೆ."

"ಕೂತ್ಕೋ, ಆಮೇಲೆ ನೋಡೋಣ" ಎಂದು ಕಪ್ಪುಹಲಗೆಯ ಕಡೆ ತಿರುಗಿದೆ.

ರಾತ್ರಿ ಅವಳ ಮಾತನ್ನೇ ಹಿಡಿದು ಹುಡುಕಿದೆ. 24ನೇ ಪಿನ್ 'ಕಾಯು' ಎನ್ನುವ ಸಂಕೇತದ್ದು. ಅದು ಸೊನ್ನೆಯಾದರೆ ಪ್ರೊಸೆಸರ್ ಕಾಯುತ್ತ ನಿಲ್ಲುತ್ತದೆ. ಬಳಸದ ಉಳಿದ ಇನ್‌ಪುಟ್‌ಗಳನ್ನೆಲ್ಲ 5 ವೋಲ್ಟಿಗೆ ಕಟ್ಟಿದ್ದೆ, ಇದೊಂದನ್ನು ಮರೆತಿದ್ದೆ. ಎಲ್ಲಿಗೂ ಕಟ್ಟದ ಇನ್‌ಪುಟ್ ಸೊನ್ನೆಯೂ ಅಲ್ಲ, ಒಂದೂ ಅಲ್ಲ. ಹತ್ತಿರ ಕೈ ಬಂದರೂ ಓಲಾಡುತ್ತದೆ. ಹಾಸ್ಟೆಲಿನಲ್ಲಿ ಓಡಿದ್ದು ನನ್ನ ಅದೃಷ್ಟ, ಅಷ್ಟೇ.

ಮೇಡಂ ಬರೆದಿದ್ದರು: "ಉಪಕರಣ ಕೈಕೊಟ್ಟದ್ದು ದೋಷವಲ್ಲ. ಸರಿಯಾಗಿ ಗಮನಿಸಿದ ಮಗುವನ್ನು ಕೂರಿಸಿದ್ದು ದೋಷ."

ಮರುದಿನ ತರಗತಿಯಲ್ಲಿ, ನಿನ್ನೆ ಚಾರ್ಜ್ ಇತ್ತು, ನಾನು ಹೇಳಿದ್ದು ಸುಳ್ಳು ಎಂದು ಒಪ್ಪಿಕೊಂಡೆ. ನಾಲಿಗೆ ಒಣಗಿತ್ತು. ಮಕ್ಕಳು ನಗಲಿಲ್ಲ. 10 ಕಿಲೋ ಓಮ್ ರೋಧಕವನ್ನು ಆ ಹುಡುಗಿಯ ಕೈಗೇ ಕೊಟ್ಟೆ. ಅವಳು ಸಿಕ್ಕಿಸಿದಳು, ದೀಪಗಳು ಎಣಿಸತೊಡಗಿದವು.

"16ನೇ ವಿಳಾಸ ಪಿನ್ನಿಗೂ ದೀಪ ಹಾಕಿದರೆ ಅದು ಮೊದಲು ಉರಿಯುವುದು ಯಾವಾಗ?" ಎಂದು ಕೇಳಿದೆ. 2ರ ಘಾತ 15, ಅಂದರೆ 32,768 ಎಣಿಕೆ, 16,384 ಸೆಕೆಂಡು, ಸುಮಾರು ನಾಲ್ಕೂವರೆ ಗಂಟೆ. "ಪ್ರೇಯರ್ ಹೊತ್ತಿಗೆ ಶುರು ಮಾಡಿದ್ರೆ ಊಟ ಆದ್ಮೇಲೆ ಉರಿಯುತ್ತೆ ಮಿಸ್!" ಎಂದನೊಬ್ಬ. ಘಾತಾಂಕ ಎಷ್ಟು ಬೇಗ ಬೆಳೆಯುತ್ತದೆಂದು ನಾನು ಬೇರೆ ಹೇಳಬೇಕಾಗಲಿಲ್ಲ.

ಈಗ ಪಾಠಯೋಜನೆಯಲ್ಲಿ 'ನಿರೀಕ್ಷಿತ ಉತ್ತರ'ದ ಕೆಳಗೆ ಒಂದು ಸಾಲು ಖಾಲಿ ಬಿಡುತ್ತೇನೆ. ತರಗತಿ ಮುಗಿದ ಮೇಲೆ ಅದನ್ನು ತುಂಬುತ್ತೇನೆ.